ಮೂರು ಸೈಕಲ್ಲಿನ ಭಜನಾ ಮಂಡಳಿ

ನಮ್ಮ ಬೀದಿಯ ತಿರುವಿನಲ್ಲಿ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ, ನಮ್ಮ ಭಜನಾ ಮಂಡಳಿಯ ಅಧ್ಯಕ್ಷೆಯ ಫೋಟೋ ಕೆಳಗೆ, ‘ಭಜನೆಗಾಗಿಯೇ ಬಾಳಿದ ಮಹಾತಾಯಿ’ ಎಂದು ಬರೆಸಿದ್ದರು. ಬಡಾವಣೆಯ ಸಂಘದವರ ಕೆಲಸ. ನಾನೂ ನಮ್ಮ ಖಜಾಂಚಿಯೂ ಅದರ ಮುಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದವರು, ಆ ಸಾಲು ಓದಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕುಬಿಟ್ಟೆವು. ಹಾಲಿನವನು ಸ್ಕೂಟರ್ ನಿಧಾನ ಮಾಡಿ ನಮ್ಮನ್ನು ನೋಡಿಕೊಂಡೇ ಹೋದ. ಸತ್ತವರ ಫೋಟೋ ಮುಂದೆ ನಗುವ ಹೆಂಗಸರನ್ನು ಬಸವನಗುಡಿಯಲ್ಲಿ ಯಾರೂ ಒಳ್ಳೆಯವರು ಅನ್ನುವುದಿಲ್ಲ. ಏನು ಮಾಡುವುದು? ಅವರು ಭಜನೆ ಮಾಡಿದ್ದನ್ನು ನಾನು ಕಂಡದ್ದು ಒಂದೇ ಒಂದು ಸಲ, ಅದೂ ಬೇರೆ ದಾರಿಯಿಲ್ಲದೆ.

ನಮ್ಮ ಮಂಡಳಿಯಲ್ಲಿ ಇದ್ದದ್ದು ಮೂರೇ ಜನ, ಮೂವರೂ ಪದಾಧಿಕಾರಿಗಳು. ಅವರು ಅಧ್ಯಕ್ಷೆ, ನಾನು ಕಾರ್ಯದರ್ಶಿ. ಮೂರನೇ ಅಡ್ಡರಸ್ತೆಯಲ್ಲಿ ಒಬ್ಬರೇ ಇರುವ, ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ನಮ್ಮ ಗೆಳತಿ ಖಜಾಂಚಿ. ಖಜಾನೆ ಎಂದರೆ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಕೋಡುಬಳೆ. ಪ್ರತಿ ಭಾನುವಾರ ನಸುಕಿನಲ್ಲಿ ಮಂಡಳಿ ಖಜಾಂಚಿಯ ಮನೆಯಲ್ಲಿ ಸೇರುತ್ತಿತ್ತು. ಸೇರಿದ ಮೇಲೆ ಸೈಕಲ್ ಏರಿ ಹಳ್ಳಿ ಕಡೆ ಹೋಗಿಬಿಡುತ್ತಿತ್ತು. ಭಜನೆ ಅನ್ನುವುದು ಅಧ್ಯಕ್ಷೆಯ ಮನೆಯವರಿಗೆ ಹೇಳುವುದಕ್ಕೆ.

ಇದಕ್ಕೆಲ್ಲ ಮೂಲ ಒಂದು ಬಾಳೆಕಂದು. ಗೌರಿಹಬ್ಬದ ಮಾರನೆಯ ದಿನ ಅವರು ತಮ್ಮ ಹಳೆಯ ಸೈಕಲ್ಲಿನಲ್ಲಿ ಗಾಂಧಿ ಬಜಾರಿಗೆ ಹೂವು ತರಲು ಹೋದಾಗ, ಯಾರೋ ರಸ್ತೆಗೆ ಎಸೆದಿದ್ದ ಬಾಳೆಕಂದಿನ ಮೇಲೆ ಚಕ್ರ ಜಾರಿ ಬಿದ್ದರು. ಮಣಿಕಟ್ಟು ಮುರಿಯಿತು. ಆಗ ಅವರಿಗೆ ಅರವತ್ತು ದಾಟಿತ್ತು. ಆಪರೇಷನ್ ಆಗಿ ಮನೆಗೆ ಬರುವಷ್ಟರಲ್ಲಿ ಮಗ ಆ ಸೈಕಲ್ಲನ್ನು ಇಸ್ತ್ರಿಯವನಿಗೆ ಕೊಟ್ಟುಬಿಟ್ಟಿದ್ದ. ಒಳ್ಳೆಯ ಮಗ, ತೊಂದರೆಯೇ ಅದು. ಕೆಟ್ಟ ಮಗನಾಗಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ಇವನು ನನ್ನ ಹತ್ತಿರ ಬಂದು, “ಅಕ್ಕ, ಅಮ್ಮ ಆಪರೇಷನ್ ಥಿಯೇಟರ್ ಒಳಗಿದ್ದಾಗ ಆ ಬೆಂಚಿನ ಮೇಲೆ ಕೂತಿದ್ನಲ್ಲ, ಅದು ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ. ನೀವೂ ಸ್ವಲ್ಪ ಹೇಳಿ,” ಅಂದ. ಹೇಳುತ್ತೇನೆ ಅಂದೆ. ಹೇಳಿದೆ ಕೂಡ. ಅಧ್ಯಕ್ಷೆ ಸಮಾಧಾನವಾಗಿ ಕೇಳಿಸಿಕೊಂಡು, ನಿಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಸೈಕಲ್ ನಿಲ್ಲಿಸುವಷ್ಟು ಜಾಗ ಇದೆಯಾ ಎಂದು ಕೇಳಿದರು.

ಮಗನಿಗೆ ಸೈಕಲ್ ಬರುತ್ತಿರಲಿಲ್ಲ. ಚಿಕ್ಕವನಿದ್ದಾಗ ಇವರೇ ಕಲಿಸಲು ಹೋಗಿದ್ದರಂತೆ. ಒಂದು ಸಲ ಬಿದ್ದವನು ಆಮೇಲೆ ಹ್ಯಾಂಡಲ್ ಮುಟ್ಟಲಿಲ್ಲ. “ಅವನಿಗೆ ಭಯ ಆಗತ್ತೆ, ನಂಗೆ ಆಸೆ ಆಗತ್ತೆ. ಎರಡಕ್ಕೂ ಊಟ ಹಾಕ್ಬೇಕಲ್ಲ ಕಣೇ,” ಅನ್ನುತ್ತಿದ್ದರು. ಅವನಿಗೆ ಭಯವಾಗದ ಹಾಗೆ ತಮ್ಮ ಆಸೆ ನಡೆಸಿಕೊಳ್ಳುವ ಏರ್ಪಾಡೇ ಭಜನಾ ಮಂಡಳಿ. ಗೊತ್ತಾದರೆ ಭಾನುವಾರಗಳು ಮುಗಿದ ಹಾಗೆ. ಅದು ನಮಗೂ ಗೊತ್ತಿತ್ತು, ಅವರಿಗಂತೂ ಚೆನ್ನಾಗಿ ಗೊತ್ತಿತ್ತು.

ಚಾಮರಾಜಪೇಟೆಯಿಂದ ಒಂದು ನೇರಳೆ ಬಣ್ಣದ ಸೈಕಲ್ ಬಂತು. ಕಾಲೇಜು ಹುಡುಗಿಯರಿಗೆಂದು ಮಾಡಿದ್ದು, ಮುಂದೆ ಬುಟ್ಟಿ, ಮಡ್‌ಗಾರ್ಡಿನ ಮೇಲೆ ಚಿಟ್ಟೆಯ ಸ್ಟಿಕ್ಕರ್. ಸ್ಟಿಕ್ಕರ್ ಕಿತ್ತುಬಿಡೋಣ ಅಂದರೆ ಬೇಡ, ಯಾರಾದರೂ ನೋಡಿದರೆ ಮೊಮ್ಮಗಳದ್ದು ಅಂತ ಹೇಳಬಹುದು ಅಂದರು. ಅವರಿಗೆ ಮೊಮ್ಮಗಳಿರಲಿಲ್ಲ. ಆ ಬುಟ್ಟಿಯಲ್ಲಿ ಭಾನುವಾರ ತಪ್ಪದೆ ಒಂದು ಜೊತೆ ಹಿತ್ತಾಳೆ ತಾಳ ಇರುತ್ತಿತ್ತು. ಸಾಕ್ಷಿಗೆ.

ಮಗ ಅವರ ಫೋನಿನಲ್ಲಿ ಅವರು ಎಲ್ಲಿದ್ದಾರೆ ಎಂದು ತೋರಿಸುವ ಆ್ಯಪ್ ಹಾಕಿದ್ದ. ಅದಕ್ಕೆ ಅಧ್ಯಕ್ಷೆ ಮಂಡಳಿಯ ಮೊದಲನೇ ನಿಯಮ ಮಾಡಿದರು. ಭಜನೆಯ ಹೊತ್ತಿನಲ್ಲಿ ಫೋನ್ ಮುಟ್ಟಬಾರದು, ಅವರವರ ಫೋನು ಖಜಾಂಚಿ ಮನೆಯ ಷೋಕೇಸಿನಲ್ಲಿ, ಚನ್ನಪಟ್ಟಣದ ಗೊಂಬೆಗಳ ಪಕ್ಕ ಇಟ್ಟು ಬರಬೇಕು. ಮಗನ ಮ್ಯಾಪಿನಲ್ಲಿ ಅಮ್ಮ ಮೂರನೇ ಅಡ್ಡರಸ್ತೆಯಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ಕುಳಿತಿರುತ್ತಿದ್ದಳು. ಅಂಥ ಏಕಾಗ್ರತೆ ಸಾಧುಸಂತರಿಗೂ ಕಷ್ಟ.

ಬಸವನಗುಡಿಯಿಂದ ಹಳ್ಳಿ ಈಗ ದೂರ ಹೋಗಿಬಿಟ್ಟಿದೆ. ಅಲ್ಲಿಯವರೆಗೆ ತುಳಿಯುವುದು ನಮ್ಮಂಥವರಿಗೆ ಆಗದ ಮಾತು. ಅದಕ್ಕೂ ಅವರೇ ದಾರಿ ಹುಡುಕಿದರು. ಕನಕಪುರ ರಸ್ತೆ ಕಡೆಯಿಂದ ಗಾಂಧಿ ಬಜಾರಿಗೆ ಸೊಪ್ಪು ತರುವ ಲಗೇಜ್ ಆಟೋ ಒಂದು ನಸುಕಿನಲ್ಲಿ ಸೊಪ್ಪು ಇಳಿಸಿ ಖಾಲಿ ವಾಪಸಾಗುತ್ತಿತ್ತು. ಮತ್ತೆ ಹತ್ತು ಗಂಟೆ ಹೊತ್ತಿಗೆ ಹೂವು, ಬಾಳೆಎಲೆ ತುಂಬಿಕೊಂಡು ಬರುತ್ತಿತ್ತು. ಡ್ರೈವರಿಗೆ ಅದೇನು ಹೇಳಿ ಒಪ್ಪಿಸಿದರೋ, ಮೂರು ಸೈಕಲ್ಲು ಹಿಂದೆ ಏರಿದವು. ಅವರೂ ಖಜಾಂಚಿಯೂ ಮುಂದೆ ಡ್ರೈವರ್ ಪಕ್ಕ, ನಾನು ಹಿಂದೆ ಒದ್ದೆ ಗೋಣಿಚೀಲದ ಮೇಲೆ ಸೈಕಲ್ಲುಗಳನ್ನು ಹಿಡಿದುಕೊಂಡು. ಕಾರ್ಯದರ್ಶಿ ಆದ ಮೇಲೆ ಕಾರ್ಯ ಮಾಡಬೇಕು ಅನ್ನುತ್ತಿದ್ದರು. ಬರುವಾಗ ಬಾಳೆಎಲೆಯ ಕಟ್ಟುಗಳ ಮೇಲೆ ಸೈಕಲ್ ಮಲಗಿಸಿಕೊಂಡು ಬರುತ್ತಿದ್ದೆವು. ಭಜನೆಯಿಂದ ಬಂದ ಅತ್ತೆಯ ಮೈಯೆಲ್ಲ ಕೊತ್ತಂಬರಿ ಸೊಪ್ಪಿನ ವಾಸನೆ ಬರುತ್ತದಲ್ಲ ಎಂದು ಸೊಸೆ ಒಮ್ಮೆ ಕೇಳಿದಳಂತೆ. ಪ್ರಸಾದಕ್ಕೆ ಕೋಸಂಬರಿ ಮಾಡಿದ್ದೆವು ಅಂದರಂತೆ. ಆಮೇಲೆ ವರ್ಷಗಟ್ಟಲೆ ಕೋಸಂಬರಿಯೇ ನಮ್ಮ ಪ್ರಸಾದವಾಯಿತು.

ಅವರು ಸೈಕಲ್ ತುಳಿಯುವುದನ್ನು ನೋಡಬೇಕಿತ್ತು. ಸೀರೆಯ ನೆರಿಗೆಗೆ ದೊಡ್ಡ ಪಿನ್ನು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ತಲೆಗೆ ಹೆಲ್ಮೆಟ್, ಹೆಲ್ಮೆಟ್ಟಿನ ಕೆಳಗಿಂದ ಇಳಿಬಿದ್ದ ಮಲ್ಲಿಗೆ. ವೇಗ ಮಾತ್ರ ಕೇಳಬೇಡಿ. ನಾಯಿಗಳು ಅಟ್ಟಿಸಿಕೊಂಡು ಬರಲು ಎದ್ದು, ಇವರ ವೇಗ ನೋಡಿ ಬೇಜಾರಾಗಿ ಮತ್ತೆ ಮಲಗುತ್ತಿದ್ದವು. ಒಂದು ಸಲ ನಮ್ಮನ್ನು ಒಂದು ಕೋಳಿ ಹಿಂದೆ ಹಾಕಿತು, ಓಡಿ ಅಲ್ಲ, ನಡೆದು. ಖಜಾಂಚಿ ಸ್ವಲ್ಪ ಅವಸರ ಮಾಡಿದರೆ, “ಯಾಕೆ ಜೋರಾಗಿ ಹೋಗ್ತೀರಿ? ಜೋರಾಗಿ ಹೋದ್ರೆ ಬೇಗ ಮನೆ ಬರತ್ತೆ,” ಅನ್ನುತ್ತಿದ್ದರು. ದಿಬ್ಬ ಬಂದರೆ ಇಳಿದು ತಳ್ಳಿಕೊಂಡು ಹೋಗಬೇಕು, ಅದು ದಿಬ್ಬಕ್ಕೆ ಕೊಡುವ ಮರ್ಯಾದೆ. ತಿರುವಿನಲ್ಲಿ ಎದುರು ಯಾರೂ ಇಲ್ಲದಿದ್ದರೂ ಬೆಲ್ ಮಾಡಬೇಕು. ಎಮ್ಮೆ ಅಡ್ಡ ಬಂದರೆ ಬೆಲ್ ಮಾಡಬಾರದು, ಅದು ಹೋಗುವ ತನಕ ನಿಲ್ಲಬೇಕು. ಒಳ್ಳೆಯ ರಂಗೋಲಿ ಕಂಡ ಮನೆಯ ಮುಂದೆಲ್ಲ ಇಳಿದು, ಒಳಗಿನವರನ್ನು ಕರೆದು, ಚೆನ್ನಾಗಿದೆ ಎಂದು ಹೇಳಿಯೇ ಮುಂದಕ್ಕೆ. ಹೀಗಾಗಿ ಸಂಕ್ರಾಂತಿ ಸಮಯದಲ್ಲಿ ನಾವು ಒಂದು ಊರನ್ನು ದಾಟಿದ್ದೇ ಕಡಿಮೆ.

ಮೈಗಂಟಿದ ಬಟ್ಟೆಯ ಸೈಕಲ್ ಹುಡುಗರು ಗುಂಪುಗುಂಪಾಗಿ ಆ ರಸ್ತೆಯಲ್ಲಿ ಬರುತ್ತಾರೆ, ಬಂದದ್ದು ಕಾಣುವುದರೊಳಗೆ ಹೋಗಿರುತ್ತಾರೆ. ಅವರಲ್ಲೊಬ್ಬ ನಿಂತು, ಆಂಟಿ ನಿಮ್ಮ ಆವರೇಜ್ ಸ್ಪೀಡ್ ಎಷ್ಟು ಎಂದು ವಿನಯದಿಂದ ಕೇಳಿದ. ಅಧ್ಯಕ್ಷೆ ಅಷ್ಟೇ ವಿನಯದಿಂದ, “ನಿಂತ್ಕೊಂಡಿದ್ದನ್ನೂ ಸೇರಿಸಿ ಹೇಳ್ಲಾ, ಬಿಟ್ಟು ಹೇಳ್ಲಾ?” ಅಂದರು. ಅವನಿಗೆ ಕೋಡುಬಳೆ ಕೊಟ್ಟರೆ ಎಣ್ಣೆ ಬೇಡ ಅಂದ. ಪಾಪ, ಇಷ್ಟು ತುಳಿದೂ ಒಂದು ಕೋಡುಬಳೆ ತಿನ್ನುವ ಯೋಗ ಇಲ್ಲವಲ್ಲ ಎಂದು ಆವತ್ತೆಲ್ಲ ಮರುಗಿದರು.

ಇನ್ನೊಂದು ದಿನ, ಹಿಪ್ಪುನೇರಳೆ ತೋಟಗಳ ನಡುವಿನ ಮಣ್ಣಿನ ದಾರಿಯಲ್ಲಿ ಒಬ್ಬ ಅಜ್ಜ ಸಿಕ್ಕಿದರು. ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ಎಲ್ಲಿಗೂ ಇಲ್ಲ ಎಂದರು ಅಧ್ಯಕ್ಷೆ. ಅಜ್ಜ ನಗಲಿಲ್ಲ, ಸ್ವಲ್ಪ ಯೋಚನೆ ಮಾಡಿ, “ಎಲ್ಲಿಗೂ ಇಲ್ಲ ಅಂದ್ರೆ ಇದೇ ದಾರಿ ಕಣವ್ವ. ಮುಂದಕ್ಕೆ ಕೆರೆ ತಾವ ನಿಂತೋಯ್ತದೆ,” ಅಂದರು. ನಿಜವಾಗಿಯೂ ಆ ದಾರಿ ಒಂದು ಸಣ್ಣ ಕೆರೆಯ ಹತ್ತಿರ ನಿಂತುಹೋಗಿತ್ತು. ಅಲ್ಲಿ ಒಂದು ಮೋರಿ ಕಟ್ಟೆ, ಎರಡು ಹೊಂಗೆ ಮರ. ಅಧ್ಯಕ್ಷೆ ಶೂ ಬಿಚ್ಚಿ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ಇನ್ನು ಮೇಲೆ ನಮ್ಮ ಮಂಡಳಿಯ ಕೇಂದ್ರ ಕಚೇರಿ ಇದು ಎಂದು ಘೋಷಿಸಿದರು. ಅಲ್ಲಿ ಕೂತಾಗ ಅವರು ಬಹಳ ಮಾತಾಡುತ್ತಿರಲಿಲ್ಲ. ಆ ಮುಖ ನೋಡಿದಾಗೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಯಾವುದಕ್ಕಾದರೂ ನಾನು ಅಷ್ಟು ಸಂತೋಷ ಪಟ್ಟಿದ್ದೀನಾ ಅಂತ.

ಅವರಿಗೆ ಒಂದು ಜಂಬವಿತ್ತು. ನನ್ನ ಸೈಕಲ್ಲೂ ಖಜಾಂಚಿಯ ಸೈಕಲ್ಲೂ ಆಗಾಗ ಗಾಳಿ ಇಳಿದು ಕೂರುತ್ತಿದ್ದವು, ಅವರದ್ದು ಮಾತ್ರ ಯಾವಾಗಲೂ ಗಟ್ಟಿ. ನಾನು ತುಳಿಯುವ ಹದ ಹಾಗಿದೆ, ಚಕ್ರಕ್ಕೆ ನೋವಾಗುವುದಿಲ್ಲ ಎಂದು ನಮಗೆ ಪಾಠ ಹೇಳುತ್ತಿದ್ದರು. ಆ ದಿನಗಳಲ್ಲೇ ಅವರ ಮಗ ಶನಿವಾರ ಸಂಜೆ ನಮ್ಮ ಹಿತ್ತಿಲಿಗೆ ಕರಿಬೇವು ಕೊಯ್ದುಕೊಳ್ಳಲು ಬರುವುದನ್ನು ರೂಢಿ ಮಾಡಿಕೊಂಡಿದ್ದ. ಶೆಡ್ಡಿನ ಬಾಗಿಲಿಗೆ ಬೀಗ ಇದೆಯಾ ಎಂದು ಮಾತ್ರ ನಾನು ಅಡುಗೆಮನೆ ಕಿಟಕಿಯಿಂದ ಒಮ್ಮೆ ನೋಡಿಕೊಳ್ಳುತ್ತಿದ್ದೆ. ಬೀಗದ ಕೈ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು ಅನ್ನುವುದು ನನಗೆ ಹೊಳೆದಿರಲಿಲ್ಲ. ಈ ಮನೆಯವರು ಸಾರಿಗಿಂತ ಒಗ್ಗರಣೆಯನ್ನೇ ಜಾಸ್ತಿ ತಿನ್ನುತ್ತಾರೆ ಅಂದುಕೊಂಡು ಸುಮ್ಮನಿದ್ದೆ.

ಮಗನಿಗೆ ಐವತ್ತು ತುಂಬಿದಾಗ ಆಪತ್ತು ಬಂತು. ಶನಿವಾರ ಸಂಜೆ ಸತ್ಯನಾರಾಯಣ ಪೂಜೆ, ಪೂಜೆಯಾದ ಮೇಲೆ ಅತ್ತೆಯ ಮಂಡಳಿಯಿಂದ ಭಜನೆ ಎಂದು ಸೊಸೆ ಎಲ್ಲರಿಗೂ ಹೇಳಿಬಿಟ್ಟಳು. ಪ್ರೀತಿಯಿಂದಲೇ ಹೇಳಿದ್ದಳು. ಆದರೆ ಅವಳ ತಾಯಿ ಮಲ್ಲೇಶ್ವರದವರು, ಅವರದು ನಿಜವಾದ ಭಜನಾ ಮಂಡಳಿ. ಸಂಪಿಗೆ ರಸ್ತೆಯಲ್ಲಿ ಒಂದೇ ಬಣ್ಣದ ಸೀರೆ ತಂದು ಉಟ್ಟು, ತಂಬೂರಿ ಶ್ರುತಿ ಇಟ್ಟುಕೊಂಡು ಹಾಡುವವರು. ಅವರೂ ಬರುತ್ತಾರೆ ಎಂದು ತಿಳಿದು ಖಜಾಂಚಿಗೆ ಭೇದಿ ಶುರುವಾಯಿತು. ವರ್ಷಗಟ್ಟಲೆ ಭಾನುವಾರ ಬಿಡದೆ ಭಜನೆ ಮಾಡಿದವರು ಎಷ್ಟು ಚೆನ್ನಾಗಿ ಹಾಡಬೇಕು? ನಮ್ಮಲ್ಲಿ ಖಜಾಂಚಿಗೆ ಮಾತ್ರ ಕೊಂಚ ಸ್ವರ ಇತ್ತು. ಅಧ್ಯಕ್ಷೆಯದು ಒಡೆದ ಗಂಟಲು, ನಾನು ಸ್ನಾನದ ಮನೆಯಲ್ಲೂ ಹಾಡಿದವಳಲ್ಲ.

ಮನೆಯಲ್ಲಿ ಅಭ್ಯಾಸ ಮಾಡಿದರೆ ನೆರೆಹೊರೆಗೆ ಗುಟ್ಟು ಬಯಲಾಗುತ್ತದೆ. ಅದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ದೇವರನಾಮ ಆರಿಸಿಕೊಂಡು, ಕೆರೆಯ ದಾರಿಯಲ್ಲಿ ಸೈಕಲ್ ಮೇಲೆಯೇ ಅಭ್ಯಾಸ ಮಾಡಿದೆವು. ತಪ್ಪಾದದ್ದು ಅಲ್ಲೇ. ಅದೇ ದಾರಿ, ಅದೇ ಹಾಡು. ಪಲ್ಲವಿ ಎರಡನೇ ಸಲ ಬರುವಾಗ ಹುಣಸೆಮರದ ತಿರುವು ಬರುತ್ತಿತ್ತು, ಬೆಲ್ ಮಾಡುತ್ತಿದ್ದೆವು. ಎರಡನೇ ಚರಣಕ್ಕೆ ದಿಬ್ಬ ಬರುತ್ತಿತ್ತು, ಹಾಡು ನಿಲ್ಲಿಸಿ ಇಳಿದು ತಳ್ಳುತ್ತಿದ್ದೆವು. ದಿಬ್ಬ ಹತ್ತಿ, ಉಸಿರು ಬಂದ ಮೇಲೆ ಮೂರನೆಯದು. ಹೀಗೆ ಹಾಡು ಬಾಯಿಪಾಠವಾಯಿತು ಅಂದುಕೊಂಡೆವು. ಬಾಯಿಗಿಂತ ಕಾಲಿಗೆ ಜಾಸ್ತಿ ಪಾಠವಾಗಿದೆ ಎಂದು ತಿಳಿದದ್ದು ಪೂಜೆಯ ದಿನ.

ಮಂಡಿ ನೋವಿನವರೆಂದು ನಮಗೆ ಮೂರು ಕುರ್ಚಿ ಹಾಕಿದ್ದರು. ಎದುರು ಜಮಖಾನದ ಮೇಲೆ ಮಲ್ಲೇಶ್ವರ ಕುಳಿತಿತ್ತು. ಅಧ್ಯಕ್ಷೆ ಕೆಮ್ಮಿ ಶುರು ಮಾಡಿದರು, ಮೊದಲ ಸಾಲಿಗೇ ಗಂಟಲು ಕಟ್ಟಿತು. ನನಗೂ ಸಾಹಿತ್ಯ ಮರೆತೇಹೋಯಿತು. ಆಗ ಅಧ್ಯಕ್ಷೆಯ ರೇಷ್ಮೆ ಸೀರೆಯ ಒಳಗೆ ಬಲಮಂಡಿ ಮೆಲ್ಲಗೆ ಮೇಲೆದ್ದಿತು, ಅದು ಇಳಿಯುವಾಗ ಎಡಮಂಡಿ. ಹಾಡು ಬಂದುಬಿಟ್ಟಿತು. ಅವರನ್ನು ನೋಡಿ ನನ್ನ ಕಾಲೂ ಶುರುವಾಯಿತು, ಖಜಾಂಚಿಯದೂ ಶುರುವಾಯಿತು. ಮೂವರೂ ಕುರ್ಚಿಯ ಮೇಲೆ ಕೂತು, ಕಣ್ಣು ಮುಚ್ಚಿ, ಭಕ್ತಿಯಿಂದ ಸೈಕಲ್ ತುಳಿದೆವು. ಹುಣಸೆಮರದ ತಿರುವು ಬಂತು. ಮೂರು ಹೆಬ್ಬೆರಳು ಒಟ್ಟಿಗೆ ಗಾಳಿಯಲ್ಲಿ ಬೆಲ್ ಒತ್ತಿದವು. ಎರಡನೇ ಚರಣ ಬಂತು. ದಿಬ್ಬ. ಮೂವರೂ ಒಟ್ಟಿಗೆ ಗಪ್ಪನೆ ನಿಂತೆವು. ಸಭೆಯೆಲ್ಲ ನಿಶ್ಶಬ್ದ, ದೀಪದ ಎಣ್ಣೆ ಚಟಪಟ ಅಂದದ್ದೂ ಕೇಳಿಸಿತು. ನಮಗೆ ದಿಬ್ಬ ಹತ್ತುವಷ್ಟು ಹೊತ್ತಾದ ಮೇಲೆ ಅಧ್ಯಕ್ಷೆ ನಿಟ್ಟುಸಿರು ಬಿಟ್ಟು ಮೂರನೇ ಚರಣ ಎತ್ತಿಕೊಂಡರು.

ಮುಗಿದಾಗ ಬೀಗಿತ್ತಿಯ ಕಣ್ಣು ಒದ್ದೆಯಾಗಿತ್ತು. ಆ ಮೌನ ಇಡುವುದಕ್ಕೆ ದೊಡ್ಡ ಸಾಧನೆ ಬೇಕು, ಯಾರಲ್ಲಿ ಪಾಠ ಆಯಿತು ಎಂದು ಕೇಳಿದರು. ಕನಕಪುರ ರಸ್ತೆಯವರು ಒಬ್ಬರು ಎಂದರು ನಮ್ಮ ಅಧ್ಯಕ್ಷೆ, ಮುಖದ ಒಂದು ಗೆರೆಯೂ ಅಲ್ಲಾಡದೆ. ಗೆದ್ದೆವು ಅಂದುಕೊಂಡೆ.

ಆಮೇಲೆ ತಾಂಬೂಲ ಕೊಡಲು ಮಗ ತಟ್ಟೆ ಹಿಡಿದುಕೊಂಡು ಬಂದ. ನನಗೆ ಕೊಟ್ಟ, ಖಜಾಂಚಿಗೆ ಕೊಟ್ಟ. ಕೊನೆಗೆ ಅಮ್ಮನ ಮುಂದೆ ಬಗ್ಗಿ, ತೆಂಗಿನಕಾಯಿ ಮಡಿಲಿಗಿಡುತ್ತಾ, ನಮಗೆ ಮಾತ್ರ ಕೇಳಿಸುವ ಹಾಗೆ ಹೇಳಿದ:

“ಹಿಂದಿನ ಟೈರು ಸವೆದುಹೋಗಿದೆ ಅಮ್ಮ. ನಾನು ಎಷ್ಟು ಗಾಳಿ ಹೊಡೆದ್ರೂ ವಾರ ನಿಲ್ತಿಲ್ಲ. ನಾಳೆ ಹೋಗೋ ಮುಂಚೆ ನೋಡ್ಕೋ.”

ಕರಿಬೇವಿನ ಒಗಟು ನನಗೆ ಆ ಕ್ಷಣದಲ್ಲಿ ಬಗೆಹರಿಯಿತು. ಎರಡು ವರ್ಷದ ಹಿಂದೆ ಒಂದು ಭಾನುವಾರ, ಅಮ್ಮ ಮರೆತುಹೋಗಿದ್ದ ಬಿ.ಪಿ. ಮಾತ್ರೆ ಕೊಡಲು ಅವನು ಖಜಾಂಚಿ ಮನೆಗೆ ಹೋಗಿದ್ದನಂತೆ. ಬೀಗ ಹಾಕಿತ್ತು. ಫೋನ್ ಮಾಡಿದರೆ ಕಿಟಕಿಯೊಳಗೆ ಷೋಕೇಸಿನಲ್ಲಿ ಫೋನು ಕುಣಿಯಿತು. ಕಾರಿನಲ್ಲೇ ಕಾದು ಕುಳಿತವನಿಗೆ, ಲಗೇಜ್ ಆಟೋದಿಂದ ನಗುತ್ತಾ ಇಳಿಯುವ ಅಮ್ಮ ಕಂಡಿದ್ದಾಳೆ. ತಲೆಗೂದಲಲ್ಲಿ ಕೊತ್ತಂಬರಿ ಎಲೆ. ನೇರಳೆ ಸೈಕಲ್ ನಮ್ಮ ಶೆಡ್ಡು ಸೇರುವುದನ್ನೂ ನೋಡಿಕೊಂಡು, ಏನೂ ಹೇಳದೆ ಮನೆಗೆ ಹೋಗಿ, ಮುಂದಿನ ಶನಿವಾರ ಒಂದು ಪಂಪು ಕೊಂಡಿದ್ದಾನೆ.

ಅಧ್ಯಕ್ಷೆಗೆ ಸಂತೋಷವಾಗಬೇಕಿತ್ತಲ್ಲವೇ? ಇಲ್ಲ, ಕೋಪ ಬಂತು. “ಎರಡು ವರ್ಷದಿಂದ ನನ್ನ ಮಗ ನಂಗೆ ಮೋಸ ಮಾಡ್ತಿದಾನೆ ಕಣೇ,” ಎಂದು ನಮ್ಮ ಜಗಲಿಯ ಮೇಲೆ ಕೂತು ಗೊಣಗಿದರು. ಚಕ್ರದ ಹದದ ಜಂಬವೂ ಮಣ್ಣುಪಾಲಾಗಿತ್ತಲ್ಲ, ಅದೂ ಸೇರಿತ್ತು. ಒಂದೆರಡು ಭಾನುವಾರ ಮಂಡಳಿ ಸೇರಲೇ ಇಲ್ಲ. ಇಷ್ಟು ಕಷ್ಟಪಟ್ಟು ಕಾಪಾಡಿದ ಭಾನುವಾರಗಳು ಹೀಗೆ ಮುನಿಸಿನಲ್ಲಿ ಮುಗಿದುಹೋಗುತ್ತವೇನೋ ಎಂದು ನನಗೆ ನಿಜವಾಗಿಯೂ ದುಃಖವಾಯಿತು.

ಅದರ ಮುಂದಿನ ಶನಿವಾರ ಅವನು ಹೊಸ ಟೈರು ಹಿಡಿದುಕೊಂಡು ಹಿತ್ತಿಲಿಗೆ ಬಂದಾಗ ಅವರು ಶೆಡ್ಡಿನ ಮುಂದೆ ಮಣೆ ಹಾಕಿಕೊಂಡು ಕಾಯುತ್ತಿದ್ದರು.

“ಭಯ ಹೋಯ್ತೇನೋ ನಿಂಗೆ?” ಎಂದು ಕೇಳಿದರು.

“ಇಲ್ಲ. ಪ್ರತಿ ಭಾನುವಾರ ನೀನು ಬರೋ ತನಕ ಇರತ್ತೆ.”

“ಮತ್ತೆ ಗಾಳಿ ಯಾಕೆ ಹೊಡೀತಿದ್ದೆ?”

ಅವನು ಟೈರನ್ನು ಗೋಡೆಗೆ ಒರಗಿಸಿದ. “ಆ ಗಾಡಿಯಿಂದ ಇಳಿಯೋವಾಗ ನಿನ್ನ ಮುಖ ನೋಡ್ದೆ. ಆಮೇಲೆ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ.”

ಅವರು ಮಣೆ ಬಿಟ್ಟು ಎದ್ದು, “ಸರಿ. ನೀನು ಏನೂ ನೋಡಿಲ್ಲ. ನಾನು ನಾಳೆ ಭಜನೆಗೆ ಹೋಗ್ತಿದೀನಿ,” ಅಂದರು.

“ಹೋಗಿ ಬಾ ಅಮ್ಮ,” ಅಂದ ಅವನು. ಹೋಗುವಾಗ ಕರಿಬೇವನ್ನೂ ಕೊಯ್ದುಕೊಂಡು ಹೋದ, ರೂಢಿ ತಪ್ಪಬಾರದಲ್ಲ.

ಅಲ್ಲಿಂದ ಮುಂದೆ ಅವರ ಕೊನೆಯ ಭಾನುವಾರದವರೆಗೂ ಅಮ್ಮ ಸುಳ್ಳು ಹೇಳುವುದನ್ನೂ ಮಗ ನಂಬುವುದನ್ನೂ ಬಿಡಲಿಲ್ಲ. ಅವರು ಹೋದದ್ದು ಒಂದು ಮಂಗಳವಾರ ಮಧ್ಯಾಹ್ನ. ಊಟ ಮಾಡಿ, ಮಜ್ಜಿಗೆ ಕುಡಿದು ಮಲಗಿದವರು ಏಳಲಿಲ್ಲ. ಬೀಳಲಿಲ್ಲ, ಆಸ್ಪತ್ರೆಯಿಲ್ಲ, ಯಾರನ್ನೂ ಬೆಂಚಿನ ಮೇಲೆ ಕೂರಿಸಲಿಲ್ಲ. ಅವರು ಮಗನ ಮಾತು ಪೂರ್ತಿಯಾಗಿ ನಡೆಸಿಕೊಟ್ಟದ್ದು ಅದೊಂದೇ ಸಲ. ನನಗೆ ಇನ್ನೂ ಭಾನುವಾರ ನಸುಕಿನಲ್ಲಿ ಎಚ್ಚರವಾಗುತ್ತದೆ, ಆಮೇಲೆ ನೆನಪಾಗುತ್ತದೆ, ಅಳು ಬರುತ್ತದೆ.

ಮೊನ್ನೆ ಭಾನುವಾರ ಖಜಾಂಚಿಯೂ ನಾನೂ ಧೈರ್ಯ ಮಾಡಿ ಮತ್ತೆ ಮಂಡಳಿ ಸೇರಿಸಿದೆವು. ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಅವನು, ನಮ್ಮ ಶೆಡ್ಡಿನಿಂದ ನೇರಳೆ ಸೈಕಲ್ ತಳ್ಳಿಕೊಂಡು ಬಂದಿದ್ದ, ಕಾಲಿಗೆ ಹೊಸ ಕ್ಯಾನ್ವಾಸ್ ಶೂ. ಒಳಗೆ ಬಂದು, ಜೇಬಿನಿಂದ ಫೋನ್ ತೆಗೆದು, ಷೋಕೇಸಿನಲ್ಲಿ ಗೊಂಬೆಗಳ ಪಕ್ಕ, ಅಮ್ಮನ ಫೋನು ಇರುತ್ತಿದ್ದ ಜಾಗದಲ್ಲಿ ಇಟ್ಟ. ಖಜಾಂಚಿ ಅಡುಗೆಮನೆಗೆ ಹೋಗಿ ಮೂಗು ಒರೆಸಿಕೊಂಡು, ಕೋಡುಬಳೆ ಡಬ್ಬಿಯೊಂದಿಗೆ ಬಂದರು.

ಕೆರೆಯ ದಾರಿಯಲ್ಲಿ ನೇರಳೆ ಸೈಕಲ್ಲಿನ ಮೇಲೆ ಅವನನ್ನು ಕೂರಿಸಿ ನಾನು ಹಿಂದಿನಿಂದ ಕ್ಯಾರಿಯರ್ ಹಿಡಿದೆ. ಹ್ಯಾಂಡಲ್ಲು ಎತ್ತೆತ್ತಲೋ ಹೋಗುತ್ತಿತ್ತು. ಹುಣಸೆಮರದ ತಿರುವಿನಲ್ಲಿ ಬೆಲ್ ಮಾಡು ಅಂದೆ. ಬೆಲ್ ಮಾಡಲು ಬೆರಳೆತ್ತಿ, ಬ್ರೇಕು ಬಿಟ್ಟು, ಬೇಲಿಗೆ ಹೋಗಿ ಬಿದ್ದ. ಅವನು ಒಂದು ಕ್ಷಣ ಹಾಗೇ ಕೂತಿದ್ದು, ತರಚಿದ ಅಂಗೈ ನೋಡಿಕೊಂಡು, ಎದ್ದು, ಸೈಕಲ್ ಎತ್ತಿ, ಮತ್ತೆ ಹತ್ತಿದ.

ಮೋರಿ ಕಟ್ಟೆಯ ಮೇಲೆ ಕೂತು ಕೋಡುಬಳೆ ತಿನ್ನುವಾಗ, ಮನೆಯಲ್ಲಿ ಏನು ಹೇಳಿ ಬಂದೆ ಎಂದು ಕೇಳಿದೆ.

“ಭಜನೆಗೆ ಅಂತ.”

“ನಿನ್ನ ಹೆಂಡ್ತಿ ನಂಬಿದ್ಲಾ?”

ಅವನು ಪ್ಯಾಂಟಿನ ಮಂಡಿಗೆ ಅಂಟಿದ್ದ ಮಣ್ಣು ಕೊಡವಿಕೊಂಡ.

“ಬರ್ತಾ ಎರಡು ಕಟ್ಟು ಕೊತ್ತಂಬರಿ ಸೊಪ್ಪು ತನ್ನಿ ಅಂದ್ಲು.”